ಬೀಗಿತ್ತಿ ಹಣ್ಣಿಗೆ ಹೋಗಿದ್ದಾರೆ

ದ್ವಾರಕಾ

ನಾನು ಹೋಗಿದ್ದ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಎಂದಲ್ಲ, ಒಮ್ಮೆ ಬಾಯಿಬಿಟ್ಟು ಸಾಕಷ್ಟು ಅನುಭವಿಸಿದ್ದೇನೆ. ಫಿನ್ಲೆಂಡ್ ದೇಶ, ಅದರ ನಡುಭಾಗಕ್ಕಿಂತ ಸ್ವಲ್ಪ ಮೇಲೆ ಔಲು ಎಂಬ ಊರು, ಅಲ್ಲಿಂದ ಒಂದೂವರೆ ತಾಸು ಕಾರಿನ ದಾರಿ. ಇಷ್ಟಕ್ಕೇ ಓದುಗರು ಸಮಾಧಾನ ಮಾಡಿಕೊಳ್ಳಬೇಕು.

ಹೀಗೆ ಬಾಯಿ ಬಿಗಿಹಿಡಿಯುವುದು ನನ್ನ ಹುಟ್ಟುಗುಣವಲ್ಲ. ದಿಲ್ಲಿಯ ದ್ವಾರಕಾ ಬಡಾವಣೆಯ ನಮ್ಮ ಸೊಸೈಟಿಯಲ್ಲಿ ಹನ್ನೊಂದು ಕನ್ನಡ ಮನೆಗಳಿವೆ. ಅಲ್ಲಿ ಗುಟ್ಟು ಎಂದರೆ ಹಾಲಿದ್ದ ಹಾಗೆ, ಬೆಳಿಗ್ಗೆ ಬಂದದ್ದು ಸಂಜೆಯೊಳಗೆ ಖರ್ಚಾಗಬೇಕು. ಯಾವ ಭಯ್ಯಾನ ಗಾಡಿಯಲ್ಲಿ ಹಸಿ ಕರಿಬೇವು ಬಂದಿದೆ, ಯಾವ ಅಂಗಡಿಯ ಅಕ್ಕಿ ದೋಸೆಗೆ ಆಗುತ್ತದೆ, ತೆಂಗಿನಕಾಯಿ ಕೊಳೆತಿದ್ದರೆ ಯಾರು ಗೊಣಗದೆ ಬದಲಿಸಿ ಕೊಡುತ್ತಾರೆ, ಇವೆಲ್ಲ ಗೊತ್ತಾದವಳು ಗೊತ್ತಾದ ಗಳಿಗೆಯಲ್ಲೇ ಉಳಿದ ಹತ್ತು ಮನೆಗೂ ಫೋನು ಮಾಡಬೇಕು. ಮಾಡದೆ ತಾನೊಬ್ಬಳೇ ತಿಂದವಳನ್ನು ಒಂದು ವಾರ ಯಾರೂ ಕಾಫಿಗೆ ಕರೆಯುವುದಿಲ್ಲ. ಪರ ಊರಿನಲ್ಲಿ ನಾವು ಇಪ್ಪತ್ತೈದು ವರ್ಷ ಬದುಕಿರುವುದೇ ಹೀಗೆ. ಈ ಫೋನಿನ ಪಡೆಗೆ ನಾಯಕಿ ನಮ್ಮ ಎದುರುಮನೆಯ ಸುಶೀಲಾ. ಮಂಡ್ಯ ಕಡೆಯವಳು, ಮನಸ್ಸು ಬೆಣ್ಣೆ, ಬಾಯಿ ಆಕಾಶವಾಣಿ.

ನಾನು ಹೊರಟದ್ದು ಊರು ನೋಡುವುದಕ್ಕಲ್ಲ, ಗಂಡಿನ ಮನೆ ನೋಡುವುದಕ್ಕೆ. ನನ್ನ ಒಬ್ಬಳೇ ಮಗಳು ವಿಭಾ ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ಪಾಚಿಯ ಮೇಲೆ ಸಂಶೋಧನೆ ಮಾಡುತ್ತೇನೆಂದು ಎರಡು ವರ್ಷದ ಹಿಂದೆ ಔಲುವಿಗೆ ಹೋದಳು. ನಮ್ಮ ಬ್ಲಾಕಿನ ನೀರಿನ ಟ್ಯಾಂಕಿನಲ್ಲೇ ಬೇಕಾದಷ್ಟಿತ್ತು, ಅಷ್ಟು ದೂರ ಹೋಗಬೇಕಿರಲಿಲ್ಲ. ಹೋದವಳು ಕಳೆದ ಬೇಸಿಗೆಯಲ್ಲಿ ಫೋನು ಮಾಡಿ, ಯಾನ್ನೆ ಎಂಬ ಹುಡುಗನನ್ನು ಮದುವೆಯಾಗಬೇಕೆಂದಿದ್ದೇನೆ, ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುತ್ತಾನೆ ಎಂದಳು.

"ಆದ್ರೆ ನಿಮ್ಮಿಬ್ರ ಒಪ್ಪಿಗೆ ಇಲ್ದೆ ಆಗಲ್ಲಮ್ಮ. ಪ್ರಾಮಿಸ್. ಅವನ ಅಮ್ಮಂದೂ ಬೇಕು."

ನಮ್ಮೆಜಮಾನರು ಮೂರು ದಿನ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು. ನಾಲ್ಕನೆಯ ದಿನ ಪೇಪರ್ ಮಡಿಸಿಟ್ಟು, "ನೀನು ಹೋಗಿ ನೋಡ್ಕೊಂಡು ಬಾ. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ," ಎಂದರು. ಸರ್ಕಾರಿ ಕಚೇರಿಯಲ್ಲಿ ಕಡತ ತಳ್ಳುತ್ತಾ ಬಂದ ನನಗೆ ಹೂಂ, ಊಹೂಂ ಎರಡನ್ನೂ ಬರೆಯುವ ಅಧಿಕಾರ ಮೊದಲ ಸಲ ಸಿಕ್ಕಿತು. ಆಗಸ್ಟ್ ತಿಂಗಳ ಮೊದಲಲ್ಲಿ ರಜೆ ಹಾಕಿ ವಿಮಾನ ಹತ್ತಿದೆ. ಸುಶೀಲಾ ಏರ್‌ಪೋರ್ಟಿಗೆ ಬಂದು ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು, "ಶಾರದಾ, ಪ್ರತಿ ಶನಿವಾರ ಫೋನ್ ಮಾಡ್ಬೇಕು. ಏನನ್ನೂ ಮುಚ್ಚಿಡಬಾರದು," ಎಂದು ಮಾತು ತೆಗೆದುಕೊಂಡಳು.

ಔಲು

ಔಲುವಿನಲ್ಲಿ ನಾನು ಮೊದಲು ಕಲಿತದ್ದು ಸುಮ್ಮನಿರುವುದನ್ನು. ಕಲಿತೆ ಎನ್ನುವುದಕ್ಕಿಂತ, ಅಲ್ಲಿಯ ಜನವೇ ಸುಮ್ಮನಾಗಿಸಿದರು ಎನ್ನಬೇಕು. ಬಸ್ ನಿಲ್ದಾಣದಲ್ಲಿ ನಾಲ್ಕು ಜನ ನಿಂತಿದ್ದರು, ಒಬ್ಬರಿಗೂ ಇನ್ನೊಬ್ಬರಿಗೂ ಒಂದೊಂದು ಎಮ್ಮೆ ಹಾಯುವಷ್ಟು ಅಂತರ. ನಮ್ಮಲ್ಲಿ ಕ್ಯೂ ಎಂದರೆ ಮುಂದಿನವರ ಬೆನ್ನಿನ ಬೆವರು ನಮ್ಮದೂ ಹೌದು. ನಾನು ಅಭ್ಯಾಸಬಲದಿಂದ ಮುಂದಿನ ಹೆಂಗಸಿನ ಹಿಂದೆ ಒತ್ತಿಕೊಂಡು ನಿಂತೆ. ಆಕೆ ಒಂದು ಹೆಜ್ಜೆ ಮುಂದೆ ಹೋದಳು, ನಾನೂ ಹೋದೆ. ಹೀಗೇ ಇಬ್ಬರೂ ನಿಲ್ದಾಣ ಬಿಟ್ಟು ಹತ್ತು ಮಾರು ಆಚೆ ಬಂದ ಮೇಲೆ ವಿಭಾ ಓಡಿ ಬಂದು ನನ್ನ ಸೆರಗು ಹಿಡಿದು ಎಳೆದಳು.

ಹುಡುಗ ಕಣ್ಣಿಗೆ ಚೆನ್ನಾಗಿಯೇ ಇದ್ದ. ಉದ್ದ ಒಂದಿಷ್ಟು ಹೆಚ್ಚಾಯಿತು, ನಮ್ಮ ಮನೆಯ ಬಾಗಿಲುಗಳಿಗೆ ತಲೆ ಬಡಿಯುತ್ತದೆ. ನನಗೆಂದು ತಾನೇ ಕೆತ್ತಿದ ಮರದ ಸೌಟು ತಂದಿದ್ದ. ಸೌಟು ನೋಡಿ ನಾನು ಅರ್ಧ ಹೂಂ ಎಂದುಬಿಟ್ಟಿದ್ದೆ, ಆದರೆ ತೋರಿಸಿಕೊಳ್ಳಲಿಲ್ಲ. ಹೆಣ್ಣಿನ ಕಡೆಯವರಿಗೂ ಒಂದು ಬಿಗುವು ಬೇಡವೇ?

ಆ ದಿನ ಸಂಜೆ ವಿಭಾ ನನ್ನ ಪಕ್ಕ ಕುಳಿತು, ಉಗುರು ಕಚ್ಚುತ್ತಾ ಹೇಳಿದಳು. "ಅಮ್ಮ, ನಿಮ್ದು ಬಿಡಿ, ನೀವು ಒಪ್ತೀರ, ಐ ನೋ. ಪ್ರಾಬ್ಲಮ್ ಅವರ ಅಮ್ಮಂದು. ಒಂದು ವರ್ಷದಿಂದ ಹೋಗಿ ಬರ್ತಿದೀನಿ. ಬೇಡ ಅಂದಿಲ್ಲ. ಹೂಂ ಅಂತಾನೂ ಅಂದಿಲ್ಲ. ಕುಛ್ ಭೀ ನಹೀಂ. ಬರೀ ಕಾಫಿ ಕೊಡ್ತಾರೆ."

"ಯಾನ್ನೆ ಕೇಳ್ಬಾರ್ದಾ?"

"ಕೇಳಿದಾನೆ. ಅವನಿಗೂ ಕಾಫಿ ಕೊಟ್ಟರಂತೆ."

ನನಗೆ ಮೈ ಉರಿಯಿತು. ನಾನು ಒಪ್ಪಿಗೆ ಕೊಡಲು ಬಂದವಳು, ಈಗ ಒಪ್ಪಿಗೆ ಕೇಳಲು ಹೋಗಬೇಕು. ಆದರೆ ಮಗಳ ಉಗುರು ನೋಡಿದೆ. ಚಿಕ್ಕವಳಿದ್ದಾಗ ಪರೀಕ್ಷೆಯ ಹಿಂದಿನ ದಿನ ಹೀಗೇ ಕಚ್ಚುತ್ತಿದ್ದಳು. ಹುಡುಗನ ಅಮ್ಮನ ಬಾಯಿಂದ ಹೂಂ ಅನ್ನಿಸದೆ ದಿಲ್ಲಿಗೆ ವಾಪಸ್ಸಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಬಾಗಿಲ ಮೇಲಿನ ಚೀಟಿ

ಹಳ್ಳಿಯ ಮನೆಗೆ ನಾವು ಮೂವರೂ ತಲುಪಿದಾಗ ಬಾಗಿಲು ತೆರೆದಿತ್ತು, ಮನೆಯಲ್ಲಿ ಯಾರೂ ಇಲ್ಲ. ಬಾಗಿಲ ಮೇಲೆ ಒಂದು ಚೀಟಿ. ಅದರಲ್ಲಿ ಒಂದೇ ಪದ.

"ಏನು ಬರೆದಿದಾರೆ?"

"ಮರ್ಯಸ್ಸಾ," ಎಂದ ಯಾನ್ನೆ, ಅದರಲ್ಲೇನೂ ವಿಶೇಷವಿಲ್ಲ ಎನ್ನುವಂತೆ.

ವಿಭಾ ಬಿಡಿಸಿ ಹೇಳಿದಳು. "ಮರ್ಯಾ ಅಂದ್ರೆ ಹಣ್ಣು, ಕಾಡಿನ ಸಣ್ಣ ಹಣ್ಣು. ಮರ್ಯಸ್ಸಾ ಅಂದ್ರೆ, ಹಣ್ಣಲ್ಲಿ. ಅಂದ್ರೆ, ಇವನ ಅಮ್ಮ ಹಣ್ಣಲ್ಲಿದಾರೆ."

ಹಣ್ಣಿನಲ್ಲಿ ಇರುವುದಕ್ಕೆ ಆಕೆಯೇನು ಹುಳುವೇ? ಬೀಗರು ಏಳು ಸಮುದ್ರ ದಾಟಿ ಮೊದಲ ಸಲ ಮನೆಗೆ ಬರುತ್ತಿದ್ದಾರೆ, ಹೊಸ್ತಿಲಲ್ಲಿ ಕಾಲಿಗೆ ನೀರಿಲ್ಲ, ಕುಂಕುಮವಿಲ್ಲ, ಮನುಷ್ಯರೇ ಇಲ್ಲ. ಚೀಟಿ ಅಂಟಿಸಿ ಹಣ್ಣಿನಲ್ಲಿದ್ದಾರಂತೆ. ಇದನ್ನು ಸುಶೀಲಾಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಜಗಲಿಯ ಮೇಲೆ ಕುಳಿತೆ. ರಾತ್ರಿಯಾಗಬೇಕಾದ ಹೊತ್ತಿನಲ್ಲೂ ಅಲ್ಲಿ ಬಿಸಿಲಿತ್ತು. ಸೂರ್ಯನೂ ಮನೆಗೆ ಹೋಗದ ದೇಶದಲ್ಲಿ ಈಕೆ ಯಾಕೆ ಬಂದಾಳು?

ಬಂದರು. ಮೊಣಕಾಲಿನವರೆಗೆ ರಬ್ಬರ್ ಬೂಟು, ತಲೆಗೆ ವಸ್ತ್ರ, ಎರಡು ಕೈಯಲ್ಲೂ ಬಕೆಟ್ಟು. ಹೆಸರು ಹೆಲ್ಮಿ, ನನಗಿಂತ ಐದಾರು ವರ್ಷ ದೊಡ್ಡವರು, ಗಂಡ ತೀರಿಕೊಂಡು ಬಹಳ ಕಾಲವಾಗಿದೆ, ಶಾಲೆಯಲ್ಲಿ ಫಿನ್ನಿಷ್ ಭಾಷೆ ಕಲಿಸಿ ನಿವೃತ್ತರಾದವರು. ನನ್ನ ಕೈ ಹಿಡಿದು ಒಮ್ಮೆ ಕುಲುಕಿ ಬಿಟ್ಟರು. ಕಾಫಿ ಕೊಟ್ಟರು.

ನಮ್ಮಿಬ್ಬರ ನಡುವೆ ಇದ್ದದ್ದು ಮುರುಕು ಇಂಗ್ಲಿಷ್. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಅವರ ಮಾತಿಗೆ ಅದೇ ಚೆನ್ನಾಗಿ ಒಪ್ಪುತ್ತದೆ. ಏನಾದರೂ ಮಾತಾಡಬೇಕಲ್ಲ ಎಂದು, ಚೀಟಿಯ ಪದಕ್ಕೆ ಏನರ್ಥ ಎಂದು ಕೇಳಿದೆ. ಅಷ್ಟೇ ಸಾಕಾಯಿತು. ಒಂದು ವರ್ಷ ಮಾತಾಡದ ಹೆಂಗಸು ಕಾಫಿ ಆರುವವರೆಗೆ ಮಾತಾಡಿದರು. ಮೇಷ್ಟರ ಕೆಲಸದಿಂದ ನಿವೃತ್ತಿಯಾಗಬಹುದು, ಮೇಷ್ಟರತನದಿಂದ ಆಗುವುದಿಲ್ಲ.

ಮರ್ಯಾ ಬಹಳ ಹಳೆಯ ಪದವಂತೆ. ರಷ್ಯಾದಲ್ಲಿ ವೋಲ್ಗಾ ನದಿಯ ಕಡೆ ಇವರ ಭಾಷೆಗೆ ನೆಂಟರಾಗುವ ಭಾಷೆಗಳಿವೆ, ಅಲ್ಲಿ ಅದೇ ಪದವನ್ನು ಸೇಬಿಗೆ ಹೇಳುತ್ತಾರೆ. ಚಳಿಯ ಕಡೆ ಬಂದವರಿಗೆ ಸೇಬು ಸಿಗಲಿಲ್ಲ, ಪದ ಸಣ್ಣ ಹಣ್ಣಿಗೆ ಇಳಿಯಿತೋ, ಅಥವಾ ಸಣ್ಣ ಹಣ್ಣಿನ ಪದವೇ ಅಲ್ಲಿ ಸೇಬಾಗಿ ದಪ್ಪವಾಯಿತೋ, ಅವರಿಗೂ ಖಾತ್ರಿಯಿಲ್ಲ. ಹಣ್ಣು ಆಯಲು ಹೋಗುವುದಕ್ಕೆ ಒಂದೇ ಪದವಿದೆ, ಮರ್ಯಸ್ತಾ. ಕಾಡು ಎಂಬುದಕ್ಕೆ ಅದೇ ಬಾಲ ಹಚ್ಚಿದರೆ ಬೇಟೆ. ಮೀನು ಎಂಬುದಕ್ಕೆ ಹಚ್ಚಿದರೆ ಮೀನು ಹಿಡಿಯುವುದು.

"ಅಂದರೆ ಹಣ್ಣೂ ಒಂದು ಬೇಟೆ," ಎಂದು ಹೆಲ್ಮಿ ನನ್ನನ್ನು ನೋಡಿದರು.

ನಾನು ಆ ಮಾತನ್ನು ವಿನೋದವೆಂದು ತಿಳಿದು ನಕ್ಕೆ. ಆಗಲೇ ಕಿವಿಗೊಟ್ಟು ಕೇಳಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ.

ನಿಮ್ಮಲ್ಲಿ ಏನನ್ನುತ್ತೀರಿ ಎಂದು ಕೇಳಿದರು. ನಾನು ಶಿರಾ ಕಡೆಯವಳು. ನಮ್ಮಲ್ಲಿ ಹೂವನ್ನು ಬಿಡಿಸುತ್ತೇವೆ, ಮಾವಿನಕಾಯಿ ಕೀಳುತ್ತೇವೆ, ಹುಣಸೆ ಉದುರಿಸುತ್ತೇವೆ, ನೇರಳೆ ಆಯುತ್ತೇವೆ ಎಂದೆ. ದಿಲ್ಲಿಗೆ ಬಂದ ಹೊಸದರಲ್ಲಿ ಹಿಂದಿಯವರು ಹೂವನ್ನೂ 'ತೋಡ್ನಾ' ಎನ್ನುವುದು ಕೇಳಿ, ಪಾಪ, ಮಲ್ಲಿಗೆಯನ್ನು ಮುರಿಯುತ್ತಾರಲ್ಲ ಎಂದು ಮರುಗಿದ್ದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನೆನಪಾಯಿತು. ಚಿಕ್ಕಂದಿನಲ್ಲಿ ಶಾಲೆ ತಪ್ಪಿಸಿ ಮುಳ್ಳುಪೊದೆಗಳಲ್ಲಿ ಎಲಚಿ ಹಣ್ಣು ಹುಡುಕುತ್ತಿದ್ದೆವು. ಎಲ್ಲಿಗೆ ಹೋಗಿದ್ದೆ ಎಂದು ಅಮ್ಮ ಕೇಳಿದರೆ ನಾವು ಹೇಳುತ್ತಿದ್ದದ್ದು, ಎಲಚಿಗೆ. ನೀರಿಗೆ ಹೋಗುವುದು, ಸೌದೆಗೆ ಹೋಗುವುದು, ಎಲಚಿಗೆ ಹೋಗುವುದು.

ಹೆಲ್ಮಿ ಕಪ್ಪು ಕೆಳಗಿಟ್ಟರು. "ನಾವೂ ಹಾಗೇ. ಹಣ್ಣಿಗೆ ಹೋಗುತ್ತೇವೆ," ಎಂದರು. ಮತ್ತೆ ಕಾಫಿ ಕೊಟ್ಟರು, ಈ ಸಲ ಬಿಸ್ಕತ್ತಿನ ಜೊತೆಗೆ. ವಿಭಾ ಯಾನ್ನೆಯ ಮುಖ ನೋಡಿದಳು. ಬಿಸ್ಕತ್ತು ಹಿಂದೆಂದೂ ಬಂದಿರಲಿಲ್ಲವಂತೆ.

ಜವುಗು

ಬುಧವಾರ ಬೆಳಿಗ್ಗೆ ಹೆಲ್ಮಿ ನನ್ನ ಮಂಚದ ಪಕ್ಕ ಒಂದು ಜೊತೆ ಬೂಟು ತಂದಿಟ್ಟು, "ಬನ್ನಿ," ಎಂದರು. ನನ್ನೊಬ್ಬಳನ್ನೇ. ವಿಭಾ ಎದ್ದು ಬಂದಾಗ, ನೀನು ಬೇಡ ಎಂದು ತಲೆಯಾಡಿಸಿದರು. ಯಾನ್ನೆ ಬಾಯಿ ತೆರೆದುಕೊಂಡು ನಿಂತುಬಿಟ್ಟ. ಆಮೇಲೆ ತಿಳಿಯಿತು, ಹೆತ್ತ ಮಗನಿಗೂ ಆ ಜಾಗ ತೋರಿಸಿರಲಿಲ್ಲ.

ಸೀರೆಯನ್ನು ಬೂಟಿನೊಳಗೆ ತುರುಕಿಕೊಂಡು ಕಾರು ಹತ್ತಿದೆ. ಹಾಲಿನ ಕ್ಯಾನು ಇಡುತ್ತಿದ್ದ ಹಳೆಯ ಮರದ ಕಟ್ಟೆ, ಅಲ್ಲಿಂದ ಎಡಕ್ಕೆ ಮಣ್ಣುರಸ್ತೆ, ಜೋಡಿ ಬರ್ಚ್ ಮರದ ಹತ್ತಿರ ಕಾರು ನಿಲ್ಲಿಸಿ ಕಾಲುದಾರಿ. ಹಾಲಿನ ಬೂತಿನಿಂದ ಎಡಕ್ಕೆ ಎಂದು ದಿನಾ ಆಟೋದವನಿಗೆ ಹೇಳುವ ನನಗೆ ದಾರಿ ಒಂದೇ ಸಲಕ್ಕೆ ಬಾಯಿಪಾಠವಾಯಿತು. ಮುಂದೆ ಜವುಗು. ನೆಲ ಹಾಸಿಗೆಯ ಹಾಗೆ ಕುಸಿಯುತ್ತದೆ, ಸೊಳ್ಳೆಗಳು ನೆಂಟರ ಹಾಗೆ ಮುತ್ತುತ್ತವೆ. ಆ ಪಾಚಿಯ ನಡುವೆ ಗೇಣುದ್ದದ ಗಿಡ, ಒಂದು ಕಡ್ಡಿಗೆ ಒಂದೇ ಹಣ್ಣು. ಅದಕ್ಕೆ ಅವರು ಹಿಲ್ಲಾ ಎನ್ನುತ್ತಾರೆ.

ನಾನು ಮೊದಲು ಅತ್ತ ಇತ್ತ ನೋಡಿದೆ. ದಿಲ್ಲಿಯ ದೊಡ್ಡ ರಸ್ತೆಗಳಲ್ಲಿ ಜುಲೈ ತಿಂಗಳಲ್ಲಿ ನೇರಳೆ ಮರಗಳ ಕೆಳಗೆ ಪ್ಲಾಸ್ಟಿಕ್ ಹಾಸಿರುತ್ತಾರೆ, ಮರ ಮರಕ್ಕೂ ಗುತ್ತಿಗೆ ಹಿಡಿದ ಒಬ್ಬ ಠೇಕೇದಾರ. ಬಿದ್ದದ್ದು ಎರಡು ಆರಿಸಿದರೂ ಕೋಲು ಹಿಡಿದು ಬರುತ್ತಾನೆ. ನನ್ನನ್ನು ಒಮ್ಮೆ ಬಸ್ ಸ್ಟಾಪಿನವರೆಗೆ ಅಟ್ಟಿಸಿಕೊಂಡು ಬಂದಿದ್ದ.

"ಇದು ಯಾರದು? ಕೇಳಬೇಡವೇ?"

"ಯಾರದೂ ಅಲ್ಲ. ಕಾಡಿನ ಹಣ್ಣು ಯಾರು ಬೇಕಾದರೂ ಆಯಬಹುದು. ಇಲ್ಲಿ ಕಾನೂನೇ ಹಾಗೆ."

ಎಂಥ ಪುಣ್ಯವಂತ ದೇಶ ಎಂದುಕೊಂಡು ಸೆರಗು ಸಿಕ್ಕಿಸಿ ಕೆಂಪು ಕೆಂಪಗಿರುವುದನ್ನೆಲ್ಲ ಕಿತ್ತು ಬಕೆಟ್ಟಿಗೆ ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಹೆಲ್ಮಿ ಬಂದು ಬಕೆಟ್ಟಿಗೆ ಇಣುಕಿದರು. ಕಣ್ಣು ಮುಚ್ಚಿ ತೆರೆದರು. ಈ ಹಣ್ಣು ಕೆಂಪಗಿದ್ದರೆ ಕಾಯಿ, ಮಾಗಿದರೆ ಜೇನಿನ ಬಣ್ಣ. ನಾನು ಇಡೀ ಬದುಕು ಅದರ ತಲೆಕೆಳಗು ಕಲಿತಿದ್ದೆ.

"ಉಳಿದ ಕೆಂಪು ಭಾನುವಾರಕ್ಕೆ ಮಾಗುತ್ತದೆ. ಆಗ ಮತ್ತೆ ಬರೋಣ," ಎಂದರು. ಬೈಯಲಿಲ್ಲ. ತಮ್ಮ ಬಕೆಟ್ಟಿನ ಮಾಗಿದ ಹಣ್ಣೊಂದನ್ನು ನನ್ನ ಬಾಯಿಗೇ ಹಾಕಿದರು. ಹುಳಿ, ಸಿಹಿ, ಜೊತೆಗೆ ಕಲ್ಲಿನಂಥ ಬೀಜ. ಮೆಚ್ಚಿಕೊಳ್ಳಲು ನನಗೆ ಮೂರು ಹಣ್ಣು ಬೇಕಾಯಿತು, ನಾಲ್ಕನೆಯದಕ್ಕೆ ನಾನೇ ಕೈಚಾಚಿದೆ.

ಶನಿವಾರ

ಶನಿವಾರ ಸುಶೀಲಾಗೆ ಫೋನು ಮಾಡಿದೆ. ಮಾತು ಕೊಟ್ಟಿದ್ದೆನಲ್ಲ.

"ಬೀಗಿತ್ತಿ ಹೇಗಿದಾರೆ?"

"ಬಂಗಾರ ಕಣೇ. ಹಣ್ಣಿಗೆ ಕರ್ಕೊಂಡು ಹೋಗಿದ್ರು. ಪುಕ್ಕಟೆ, ಸುಶೀಲಾ. ಠೇಕೇದಾರ ಇಲ್ಲ, ಏನಿಲ್ಲ. ನೆಲದ ತುಂಬ ಹಣ್ಣು."

"ಹೌದಾ? ಎಲ್ಲಿ?"

ಇಪ್ಪತ್ತೈದು ವರ್ಷದ ಅಭ್ಯಾಸ. ಎಲ್ಲಿ ಎಂದು ಸುಶೀಲಾ ಕೇಳಿದರೆ ನನ್ನ ಬಾಯಿ ತಾನಾಗಿ ದಾರಿ ಹೇಳುತ್ತದೆ. ಹಳ್ಳಿಯ ಹೆಸರು, ಹಾಲಿನ ಕಟ್ಟೆ, ಎಡಕ್ಕೆ, ಜೋಡಿ ಬರ್ಚ್ ಮರ, ಎಲ್ಲ ಹೇಳಿದೆ. ದ್ವಾರಕಾದಿಂದ ಯಾರು ಬಂದು ಕೀಳುತ್ತಾರೆ? ಅವಳ ಅಕ್ಕನ ಮಗ ಪ್ರಸಾದ್ ಹೋದ ತಿಂಗಳು ಔಲುವಿಗೇ ಕೆಲಸಕ್ಕೆ ಬಂದಿದ್ದಾನೆಂದು ನನಗೆ ಗೊತ್ತಿರಲಿಲ್ಲ. ನಾನು ಫೋನಿಟ್ಟ ಹತ್ತು ನಿಮಿಷಕ್ಕೆ ಅವಳು ಅವನಿಗೆ ಮಾಡಿದ್ದಾಳೆ. ಹುಡುಗ ಪರದೇಶದಲ್ಲಿ ಒಬ್ಬನೇ ಇದ್ದಾನೆ, ನಾಲ್ಕು ಹಣ್ಣು ತಿನ್ನಲಿ ಎಂದು.

ಭಾನುವಾರ

ಬರ್ಚ್ ಮರದ ಹತ್ತಿರ ಒಂದು ಬಿಳಿಯ ವ್ಯಾನು ನಿಂತಿತ್ತು. ಅದನ್ನು ನೋಡಿ ಹೆಲ್ಮಿಯ ಕೈ ಸ್ಟಿಯರಿಂಗಿನ ಮೇಲೇ ನಿಂತಿತು. ಜವುಗಿನ ಕಡೆಯಿಂದ ಕನ್ನಡ ಕೇಳಿಬಂತು. ಜೀವಮಾನದಲ್ಲಿ ಮೊದಲ ಸಲ ಕನ್ನಡ ಕೇಳಿ ನನ್ನ ಎದೆ ಧಸಕ್ಕೆಂದಿತು.

ಏಳು ಜನ. ಮಕ್ಕಳ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಹೆಂಗಸರ ಕೈಯಲ್ಲಿ ಸ್ಟೀಲ್ ಡಬ್ಬಿ, ಒಣಗಿದ ಒಂದು ದಿಮ್ಮಿಯ ಮೇಲೆ ಚಿತ್ರಾನ್ನದ ಪಾತ್ರೆ. ಡಬ್ಬಿಗಳ ತುಂಬ ಕೆಂಪು ಹಣ್ಣು. ಮಾಗಿದ್ದೂ ಉಳಿದಿರಲಿಲ್ಲ, ಮಾಗಬೇಕಾದದ್ದೂ ಉಳಿದಿರಲಿಲ್ಲ.

"ನಮಸ್ಕಾರ ಆಂಟಿ. ಶಾರದಾ ಆಂಟಿ ಅಲ್ವಾ? ನಾನು ಪ್ರಸಾದ್," ಎಂದು ಒಬ್ಬ ಹುಡುಗ ನಗುತ್ತಾ ಬಂದ. "ನೀವು ಹೇಳಿದ ಗುರುತು ಪಕ್ಕಾ. ಒಂದೇ ಸಲಕ್ಕೆ ಸಿಕ್ತು. ಇವರು ನಿಮ್ಮ ಬೀಗಿತ್ತೀನಾ? ತಗೊಳ್ಳಿ, ಚಿತ್ರಾನ್ನ ತಗೊಳ್ಳಿ."

ಅವನ ತಪ್ಪೇನಿದೆ? ಒಳ್ಳೆಯ ಮನಸ್ಸಿನಿಂದ ಕೊಟ್ಟ. ಹೆಲ್ಮಿ ಒಂದು ಹಿಡಿ ಚಿತ್ರಾನ್ನವನ್ನು ಕೈಯಲ್ಲೇ ತೆಗೆದುಕೊಂಡು ತಿಂದರು. ಥ್ಯಾಂಕ್ಸ್ ಎಂದರು. ಖಾಲಿ ಬಕೆಟ್ಟು ಎತ್ತಿಕೊಂಡು ಕಾರಿನ ಕಡೆ ನಡೆದರು. ಮನೆಗೆ ಬಂದ ಮೇಲೆ ಕಾಫಿಯನ್ನೂ ಕೊಡಲಿಲ್ಲ.

ವಿಷಯ ತಿಳಿದು ವಿಭಾ ನೆಲದ ಮೇಲೆ ಕುಳಿತುಬಿಟ್ಟಳು. "ಅಮ್ಮ, ಯಾಕಮ್ಮ? ಇಲ್ಲಿ ಯಾರೂ ಹಿಲ್ಲಾ ಜಾಗ ಹೇಳಲ್ಲ. ಗಂಡ ಹೆಂಡ್ತಿಗೆ ಹೇಳಲ್ಲ. ಅವರು ನಿಮ್ಮನ್ನ ಕರ್ಕೊಂಡು ಹೋದಾಗ ಯಾನ್ನೆ ಅತ್ತುಬಿಟ್ಟಿದ್ದ, ಗೊತ್ತಾ? ಕರೆದದ್ದೇ ಅವರ ಹೂಂ ಅಂತ. ಅಬ್ ಸಬ್ ಖತಮ್."

"ಕಾನೂನಿನ ಪ್ರಕಾರ ಯಾರು ಬೇಕಾದ್ರೂ..."

"ಅದಕ್ಕೇ ಹೇಳಬಾರ್ದು. ಬೇಲಿ ಇಲ್ಲ, ಕಾವಲು ಇಲ್ಲ. ಬಾಯಿ ಮುಚ್ಕೊಂಡಿರೋದು ಒಂದೇ ಅವರಿಗಿರೋ ಬೇಲಿ."

ಮಗಳು ಅಳುವುದನ್ನು ನೋಡಿ ನನಗೂ ಅಳು ಬಂತು. ಮದುವೆ ಮಾಡಿಸಲು ಬಂದವಳು ಮುರಿದು ಕುಳಿತಿದ್ದೆ, ಅದೂ ಒಂದು ಫೋನಿನಲ್ಲಿ.

ಅಡುಗೆಮನೆ

ಹೆಲ್ಮಿ ಅಡುಗೆಮನೆಯಲ್ಲಿ ಬುಧವಾರದ ಹಣ್ಣನ್ನು ಬಾಟಲಿಗೆ ತುಂಬುತ್ತಿದ್ದರು. ನಾನು ಎದುರಿಗೆ ಕುಳಿತು, ಹೇಳಿದ್ದು ನಾನೇ, ತಪ್ಪಾಯಿತು ಎಂದೆ. ಅವರು ತಲೆಯೆತ್ತಲಿಲ್ಲ. ನಮ್ಮ ಹನ್ನೊಂದು ಮನೆ, ಕರಿಬೇವು, ದೋಸೆ ಅಕ್ಕಿ, ಎಲ್ಲವನ್ನೂ ವಿವರಿಸಿದೆ. ಹಂಚಿಕೊಳ್ಳದೆ ಇರುವುದು ನಮ್ಮಲ್ಲಿ ಪಾಪ, ನಾವು ಏನನ್ನೂ ಬಚ್ಚಿಡುವುದಿಲ್ಲ ಎಂದೆ. ಅಷ್ಟು ಹೇಳಿದ ಮೇಲೆ ನನ್ನ ನಾಲಿಗೆ ನಿಂತಿತು. ಏಕೆಂದರೆ ಅದು ಸುಳ್ಳಾಗಿತ್ತು.

"ಒಂದನ್ನು ಬಚ್ಚಿಟ್ಟಿದ್ದೇನೆ," ಎಂದೆ.

ಹೆಲ್ಮಿ ತಲೆಯೆತ್ತಿದರು.

ಸಂಕ್ರಾಂತಿಯ ಸಂಜೆ ನಮ್ಮ ಕಡೆ ಪುಟ್ಟ ಮಕ್ಕಳನ್ನು ಹಸೆಯ ಮೇಲೆ ಕೂರಿಸಿ ತಲೆಯ ಮೇಲೆ ಎಲಚಿ ಹಣ್ಣು ಎರೆಯುತ್ತಾರೆ. ದೃಷ್ಟಿ ತಾಗದಿರಲಿ ಎಂದು. ವಿಭಾಳ ಮೊದಲ ಸಂಕ್ರಾಂತಿಗೆ ದಿಲ್ಲಿಯಲ್ಲಿ ಎಲಚಿ ಸಿಗಲಿಲ್ಲ. ಮಾರ್ಕೆಟ್ಟಿನಲ್ಲಿದ್ದದ್ದು ಮೊಟ್ಟೆಗಾತ್ರದ ಬೇರ್, ಎಲಚಿಯ ದೊಡ್ಡಣ್ಣ, ಎರೆದರೆ ಮಗುವಿನ ತಲೆ ಒಡೆಯುತ್ತಿತ್ತು. ಊರು, ಅಮ್ಮ, ಎಲ್ಲ ನೆನಪಾಗಿ ಅಳುತ್ತಾ ನಡೆಯುತ್ತಿದ್ದವಳಿಗೆ ಒಂದು ಕುರುಚಲು ದಿನ್ನೆಯ ಮೇಲೆ ಸಣ್ಣ ಎಲಚಿಯ ಪೊದೆ ಕಂಡಿತು. ಇಡೀ ಪೊದೆಯಲ್ಲಿ ಒಂದು ಮಗುವಿಗೆ ಆಗುವಷ್ಟು ಹಣ್ಣು. ಹೇಳಿದರೆ ಹನ್ನೊಂದು ಮನೆಯ ಮಕ್ಕಳಿಗೆ ನಾಲ್ಕು ನಾಲ್ಕು ಬರುತ್ತಿತ್ತು. ನಾನು ಹೇಳಲಿಲ್ಲ. ಎಲ್ಲಿ ಸಿಕ್ಕಿತೆಂದು ಕೇಳಿದ ಸುಶೀಲಾಗೆ, ಊರಿಂದ ಬಂತು ಎಂದೆ. ಐದು ವರ್ಷ ಹಾಗೇ ಅಂದೆ. ನಮ್ಮೆಜಮಾನರಿಗೂ ಗೊತ್ತಿಲ್ಲ. ಈಗಲೂ ವರ್ಷಕ್ಕೊಮ್ಮೆ ಒಬ್ಬಳೇ ಹೋಗಿ ಹತ್ತು ಹಣ್ಣು ತಿಂದು ಬರುತ್ತೇನೆ.

ಹೆಲ್ಮಿ ಕೈ ಒರೆಸಿಕೊಂಡು ಕುರ್ಚಿ ಎಳೆದು ಕುಳಿತರು. "ಎಲ್ಲಿದೆ ಆ ಪೊದೆ?"

ಜಾಗದ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ದಿಲ್ಲಿಗೆ ಬನ್ನಿ. ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ. ಹೇಳುವುದಿಲ್ಲ."

ಆಕೆ ಅಷ್ಟು ಜೋರಾಗಿ ನಗಬಲ್ಲರೆಂದು ಆ ಮನೆಯ ಗೋಡೆಗೂ ಗೊತ್ತಿರಲಿಲ್ಲ. ವಿಭಾ, ಯಾನ್ನೆ ಇಬ್ಬರೂ ಬಾಗಿಲಿಗೆ ಓಡಿ ಬಂದರು. ಹೆಲ್ಮಿ ಎದ್ದು ಮಕ್ಕಳಿಬ್ಬರ ಮುಖದ ಮೇಲೆ ಬಾಗಿಲು ಹಾಕಿ ಬಂದರು.

"ನಮ್ಮಲ್ಲಿ ಇಂಥದ್ದನ್ನು ಬಾಯಲ್ಲಿ ಹೇಳಬೇಕು," ಎಂದೆ ನಾನು. "ನನ್ನ ಮಗಳು ನಿಮಗೆ ಒಪ್ಪಿಗೆಯೇ?"

"ಬುಧವಾರ ಹೇಳಿದ್ದೆನಲ್ಲ. ಅರ್ಧ."

"ಅರ್ಧವೇ?"

"ಅದು ನನ್ನ ಎರಡನೆಯ ಜಾಗ."

ಬೆಳಿಗ್ಗೆ ಬೂಟು ಮತ್ತೆ ಮಂಚದ ಪಕ್ಕದಲ್ಲಿತ್ತು. ಮೊದಲನೆಯ ಜಾಗಕ್ಕೆ ಹೋದೆವು. ದಾರಿಯಲ್ಲಿ ಗುರುತಿಗೆ ಏನೇನಿತ್ತು ಎಂಬುದನ್ನು ನಾನು ನೋಡಲೇ ಇಲ್ಲ, ಬೇಕೆಂದೇ ಕಣ್ಣು ಮುಚ್ಚಿ ಕುಳಿತೆ. ಹೆಲ್ಮಿ ಭುಜ ತಟ್ಟಿ, ಕಣ್ಣು ತೆರೆಯಿರಿ ಎಂದರು. ಅಲ್ಲಿ ಜೇನಿನ ಬಣ್ಣ ಬಿಟ್ಟು ಬೇರೆ ಬಣ್ಣವೇ ಇರಲಿಲ್ಲ. ವಾಪಸ್ಸು ಬರುವಾಗ ಕಣ್ಣು ಮುಚ್ಚಲು ಅವರು ಬಿಡಲಿಲ್ಲ. ಇನ್ನೊಂದು ಶನಿವಾರ ಸುಶೀಲಾ ಫೋನಿನಲ್ಲಿ, ಮತ್ತೆ ಹಣ್ಣಿಗೆ ಹೋಗಿದ್ರಾ ಎಂದಳು. ಮಳೆ ಕಣೇ, ಎಲ್ಲೂ ಹೋಗಲಿಲ್ಲ ಎಂದೆ. ಕಿಟಕಿಯಾಚೆ ಫಳಫಳ ಬಿಸಿಲಿತ್ತು.

ಮತ್ತೆ ದ್ವಾರಕಾ

ಧನುರ್ಮಾಸ ಹಿಡಿಯುವ ಮುನ್ನ, ಡಿಸೆಂಬರ್ ಮೊದಲ ವಾರದಲ್ಲಿ ಮದುವೆ ಇಟ್ಟುಕೊಂಡೆವು. ಹೆಲ್ಮಿ ಬಂದರು. ದಿಲ್ಲಿಯ ಮಂಜು ನೋಡಿ ನಮ್ಮೂರಿನ ಹಾಗೇ ಇದೆ ಎಂದರು, ಕೆಮ್ಮು ಶುರುವಾದ ಮೇಲೆ ಆ ಮಾತು ಹಿಂತೆಗೆದುಕೊಂಡರು. ಮೆಟ್ರೋದಲ್ಲಿ ಅವರ ಬೆನ್ನಿಗೆ ಒಂದು ಹೆಂಗಸು ಅಂಟಿಕೊಂಡು ನಿಂತಾಗ ನನ್ನ ಮುಖ ನೋಡಿದರು. ನಾನು ಕಿಟಕಿಯ ಆಚೆ ನೋಡಿದೆ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಮನೆ ತುಂಬ ಜನ. ವಿಭಾ ಎದ್ದು ಅಮ್ಮನನ್ನು ಹುಡುಕಿದಳಂತೆ, ಯಾನ್ನೆ ತನ್ನ ಅಮ್ಮನನ್ನು ಹುಡುಕಿದನಂತೆ. ಫ್ರಿಜ್ಜಿನ ಬಾಗಿಲ ಮೇಲೆ ಹೆಲ್ಮಿಯ ಕೈಬರಹದ ಚೀಟಿ, ಅದೇ ಒಂದು ಪದ. ಕೆಳಗೆ ನಾನು ಕನ್ನಡದಲ್ಲಿ ಬರೆದಿದ್ದೆ, ಎಲಚಿಗೆ.

ಎರಡು ತಾಸಿನ ಮೇಲೆ ಕೈತುಂಬ ಮುಳ್ಳಿನ ಗೀರು, ಸೆರಗಿನ ತುಂಬ ಎಲಚಿ ಹಣ್ಣು ಹೊತ್ತು ನಾವು ಮನೆಗೆ ಬಂದಾಗ ಸುಶೀಲಾ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಪುರೋಹಿತರು ಬಂದು ಕೂತಿದಾರೆ, ಇಬ್ರೂ ಎಲ್ಲಿ ಹಾಳಾಗಿ ಹೋಗಿದ್ರಿ? ಅಯ್ಯೋ, ಎಲಚಿ. ಎಲ್ಲಿ ಸಿಕ್ತು?"

"ಹಣ್ಣಿಗೆ ಹೋಗಿದ್ವಿ."

"ಅದೇ, ಎಲ್ಲಿಗೆ?"

"ಹಣ್ಣಿಗೆ."

ಸುಶೀಲಾ ಹೆಲ್ಮಿಯ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದಳು. ಹೆಲ್ಮಿ ದಾರಿಯಲ್ಲಿ ನನ್ನಿಂದ ಕಲಿತದ್ದನ್ನು ಸ್ಪಷ್ಟವಾಗಿ ಹೇಳಿದರು. "ಪತಾ ನಹೀಂ." ಗೊತ್ತಿಲ್ಲವಂತೆ. ಸುಶೀಲಾ ಆಮೇಲೆ ಒಂದು ವಾರ ನನ್ನನ್ನು ಕಾಫಿಗೆ ಕರೆಯಲಿಲ್ಲ. ನ್ಯಾಯವೇ.

ಆ ಸಂಜೆ ಮದುಮಕ್ಕಳಿಬ್ಬರನ್ನೂ ಹಸೆಯ ಮೇಲೆ ಕೂರಿಸಿ ನಾವಿಬ್ಬರೂ ಸೇರಿ ಎಲಚಿ ಎರೆದೆವು. ಇದು ಚಿಕ್ಕ ಮಕ್ಕಳಿಗೆ, ಸಂಕ್ರಾಂತಿಗೆ ಮಾಡುವುದು ಎಂದು ಪುರೋಹಿತರು ಗೊಣಗಿದರು. ಯಾನ್ನೆಯ ಎತ್ತರಕ್ಕೆ ಎರೆಯಲು ನಾನು ಸ್ಟೂಲು ಹತ್ತಬೇಕಾಯಿತು.

ವಿಭಾ ಈಗ ಔಲುವಿನಲ್ಲಿದ್ದಾಳೆ. ಫೋನು ಮಾಡಿದಾಗಲೆಲ್ಲ, "ಅಮ್ಮ, ಆ ಎಲಚಿ ಜಾಗ ನನಗಾದ್ರೂ ಹೇಳಿ," ಎನ್ನುತ್ತಾಳೆ. ನಿನ್ನ ಅತ್ತೆಯನ್ನು ಕೇಳು ಎನ್ನುತ್ತೇನೆ. ಯಾನ್ನೆ ಅವನ ಅಮ್ಮನನ್ನು ಹಿಲ್ಲಾ ಜಾಗ ಕೇಳಿದರೆ, ನಿನ್ನ ಅತ್ತೆಯನ್ನು ಕೇಳು ಎನ್ನುತ್ತಾರಂತೆ. ಪೊದೆಯ ಹತ್ತಿರ ಮುಳ್ಳು ಬಿಡಿಸಿಕೊಳ್ಳುತ್ತಾ ನಾವಿಬ್ಬರೂ ಮಾತಾಡಿಕೊಂಡದ್ದು ಅದನ್ನೇ. ಅವರ ಜಾಗವನ್ನು ಅವರ ಮಗನಿಗೆ ನಾನು ತೋರಿಸಬೇಕು, ನನ್ನ ಜಾಗವನ್ನು ನನ್ನ ಮಗಳಿಗೆ ಅವರು ತೋರಿಸಬೇಕು. ನಮ್ಮಿಬ್ಬರಲ್ಲಿ ಮೊದಲು ತೀರಿಹೋದವರ ಜಾಗವನ್ನು ಉಳಿದವರು ತೋರಿಸಬೇಕು. ಮಕ್ಕಳಿಗೆ ಉತ್ತರ ಸಿಗುವ ದಿನ ನಮ್ಮಲ್ಲಿ ಒಬ್ಬರು ಇರುವುದಿಲ್ಲ. ಅಲ್ಲಿಯವರೆಗೆ ಕೇಳುತ್ತಿರಲಿ.